ಮಿಷನರಿಯೂ ವಲಸಿಗನೇ ಅಲ್ವಾ?

ಹಳೆಗಂಟು

ಮಿಷನರಿ ಅಂದ ಕೂಡಲೇ ಕಣ್ಣ ಮುಂದೆ ಬರುವುದು ಒಂದೇ ಚಿತ್ರ. ಉದ್ದನೆಯ ನಿಲುವಂಗಿ, ಕೈಯಲ್ಲೊಂದು ಬೈಬಲ್, ಹಿಂದೆ ಯುರೋಪಿನ ಹಡಗು. ವಲಸಿಗ ಅಂದರೆ ಬೇರೆಯೇ ಚಿತ್ರ. ಗಂಟುಮೂಟೆ, ಉದ್ದದ ಸಾಲು, ವೀಸಾ ಕಾಗದ. ಇಬ್ಬರೂ ಮಾಡಿದ್ದು ಹುಟ್ಟಿದ ನಾಡು ಬಿಟ್ಟು ಇನ್ನೊಬ್ಬರ ನಾಡಿಗೆ ಹೋದದ್ದೇ. ಮತ್ತೆ ಹೆಸರು ಯಾಕೆ ಬೇರೆ ಬೇರೆ?

ಇಬ್ಬರನ್ನು ಪಕ್ಕಪಕ್ಕ ಇಟ್ಟು ನೋಡಿ. ಜಾರ್ಜ್ ಲೈಲ್ ವರ್ಜೀನಿಯಾದಲ್ಲಿ ಗುಲಾಮನಾಗಿ ಹುಟ್ಟಿದವನು. ಮುಂದೆ ಜಾರ್ಜಿಯಾದಲ್ಲಿ ಬೋಧಕನಾದ. ಯಜಮಾನ ಬಿಡುಗಡೆ ಕೊಟ್ಟಿದ್ದ. ಆದರೆ ಆತ ಸತ್ತ ಮೇಲೆ ಅವನ ವಾರಸುದಾರರು ಲೈಲ್‌ನನ್ನು ಮತ್ತೆ ಗುಲಾಮ ಮಾಡಲು ನೋಡಿದರು. ಅಮೆರಿಕದ ಸ್ವಾತಂತ್ರ್ಯ ಯುದ್ಧ ಮುಗಿಯುತ್ತಾ ಬಂದಾಗ, ಜಾಗ ಖಾಲಿ ಮಾಡುತ್ತಿದ್ದ ಬ್ರಿಟಿಷರ ಜೊತೆ ಜಮೈಕಾಕ್ಕೆ ಹೋದ. ಒಬ್ಬ ಅಧಿಕಾರಿಯ ಹತ್ತಿರ ಮಾಡಿದ ಸಾಲ ತೀರಿಸಲು ಕರಾರಿನ ಆಳಾಗಿ ಹೋದ. ಸಾಲ ತೀರಿಸಿಕೊಂಡು ಕಿಂಗ್‌ಸ್ಟನ್‌ನಲ್ಲಿ ಬೋಧನೆ ಶುರು ಮಾಡಿದ.

ಇನ್ನೊಬ್ಬ ವಿಲಿಯಂ ಕೇರಿ. 1793ರಲ್ಲಿ, ಅಂದರೆ ಲೈಲ್ ಹೋಗಿ ಹತ್ತು ವರ್ಷ ಆದ ಮೇಲೆ, ಬಂಗಾಳಕ್ಕೆ ಬಂದವನು. ‘ಆಧುನಿಕ ಮಿಷನ್‌ಗಳ ಪಿತಾಮಹ’ ಅನ್ನುವ ಬಿರುದು ಸಿಕ್ಕಿದ್ದು ಇವನಿಗೆ. ಲೈಲ್ ಹೆಸರು ಎಷ್ಟು ಜನ ಕೇಳಿದ್ದೀರಿ?

ನನ್ನ ಅನುಮಾನ ಇಷ್ಟೇ. ಹಿಂದೆ ಒಂದು ಸಂಘ ಇದ್ದು, ಅದು ಹಣ ಕೊಟ್ಟು ಕಳಿಸಿದರೆ ಮಿಷನರಿ. ತಾನೇ ದುಡಿದು ತಿನ್ನುತ್ತಾ ಅದೇ ಕೆಲಸ ಮಾಡಿದರೆ ಬರೀ ವಲಸಿಗ.

ಮೂರನೇಬೆಂಚು

ಚೆನ್ನಾಗಿದೆ, ಆದರೆ ಒಪ್ಪುವುದಿಲ್ಲ. ವ್ಯತ್ಯಾಸ ಹಣದ್ದಲ್ಲ, ಉದ್ದೇಶದ್ದು. ಹೊಟ್ಟೆಪಾಡಿಗೆ ಹೋದವನು ವಲಸಿಗ. ಧರ್ಮ ಹೇಳಲೆಂದೇ ಹೋದವನು ಮಿಷನರಿ. ದಾರಿಯಲ್ಲಿ ಭಾನುವಾರ ಪ್ರಾರ್ಥನೆ ನಡೆಸಿದ ಮಾತ್ರಕ್ಕೆ ಕೂಲಿಯವನೂ ಮಿಷನರಿ ಅಂದರೆ ಆ ಪದಕ್ಕೆ ಬೆಲೆ ಏನು ಉಳಿಯಿತು?

ಇನ್ನೊಂದು. ಕೇರಿಯ ಹಿಂದೆ ಸಂಘ ಇತ್ತು ಅಂದಿರಿ. ಇತ್ತು, ನಿಜ. ಆದರೆ ಬಂದಿಳಿದ ಮೇಲೆ ಕೈ ಖಾಲಿ. ನೀಲಿ ಬಣ್ಣ ತಯಾರಿಸುವ ಕಾರ್ಖಾನೆಯಲ್ಲಿ ಮೇಲ್ವಿಚಾರಕನಾಗಿ ಹೊಟ್ಟೆ ಹೊರೆದ. ಈಸ್ಟ್ ಇಂಡಿಯಾ ಕಂಪನಿಯ ಪರವಾನಗಿಯೂ ಇರಲಿಲ್ಲ. ಕಂಪನಿಗೆ ಮಿಷನರಿಗಳೆಂದರೆ ಆಗುತ್ತಿರಲಿಲ್ಲ, ವ್ಯಾಪಾರಕ್ಕೆ ತೊಂದರೆ ಅನ್ನುವ ಭಯ. 1800ರಲ್ಲಿ ಡೆನ್ಮಾರ್ಕ್‌ನವರ ವಶದಲ್ಲಿದ್ದ ಸೇರಾಂಪುರಕ್ಕೆ ಹೋಗಿ ಸೇರಿಕೊಂಡದ್ದು ಅದಕ್ಕೇ. ಕಂಪನಿಯ ಬಾಗಿಲು ಕಾನೂನಿನ ಪ್ರಕಾರ ತೆರೆದದ್ದು 1813ರಲ್ಲಿ.

ಹಳೆಗಂಟು

ಹಾಗಾದರೆ ಕೇರಿ ಇವತ್ತಿನ ಮಾತಲ್ಲಿ ದಾಖಲೆ ಇಲ್ಲದ ವಲಸಿಗ! ನನ್ನ ವಾದಕ್ಕೆ ನೀವೇ ಸಾಕ್ಷಿ ಹೇಳಿದಿರಿ.

ಬತ್ತಿದೀಪ

ಇಬ್ಬರೂ ಹದಿನೆಂಟನೇ ಶತಮಾನದಲ್ಲೇ ಸಿಕ್ಕಿಕೊಂಡಿದ್ದೀರಿ. ಕಥೆ ಇನ್ನೂ ಹಳೆಯದು.

ಬೈಬಲ್‌ನಲ್ಲಿ ಅಪೊಸ್ತಲರ ಕೃತ್ಯಗಳು ಓದಿ. ಯೇಸುವಿನ ಹಿಂಬಾಲಕ ಸ್ತೆಫನನನ್ನು ಕಲ್ಲೆಸೆದು ಕೊಂದ ಮೇಲೆ ಜೆರುಸಲೇಮಿನಲ್ಲಿ ಹಿಂಸೆ ಜಾಸ್ತಿ ಆಯಿತು. ಜನ ದಿಕ್ಕಾಪಾಲಾಗಿ ಓಡಿದರು. ಹಾಗೆ ಓಡಿದವರಲ್ಲಿ ಸೈಪ್ರಸ್ ಮತ್ತು ಉತ್ತರ ಆಫ್ರಿಕಾದ ಸಿರೇನೆ ಕಡೆಯವರು ಅಂತಿಯೋಕ್ಯ ಪಟ್ಟಣಕ್ಕೆ ಹೋಗಿ ಗ್ರೀಕರಿಗೂ ಸುವಾರ್ತೆ ಹೇಳಿದರು. ಅವರ ಹೆಸರು ಕೂಡ ಅಲ್ಲಿ ಬರೆದಿಲ್ಲ. ‘ಕ್ರೈಸ್ತರು’ ಅನ್ನುವ ಹೆಸರು ಹುಟ್ಟಿದ್ದು ಅದೇ ಅಂತಿಯೋಕ್ಯದಲ್ಲಿ. ಅಪೊಸ್ತಲ ಪೌಲನನ್ನು ಸುವಾರ್ತೆಯ ಪ್ರಯಾಣಕ್ಕೆ ಕಳಿಸಿಕೊಟ್ಟದ್ದೂ ಅಲ್ಲಿನ ಕ್ರೈಸ್ತ ಸಭೆಯೇ. ಅಂದರೆ ಮೊದಲ ದೊಡ್ಡ ಮಿಷನ್ನಿಗೆ ನೆಲೆ ಕೊಟ್ಟದ್ದು ನಿರಾಶ್ರಿತರು ಕಟ್ಟಿದ ಸಭೆ.

ಅಕ್ವಿಲ ಮತ್ತು ಪ್ರಿಸ್ಕಿಲ್ಲ ದಂಪತಿ ಇನ್ನೂ ಒಳ್ಳೆಯ ಉದಾಹರಣೆ. ಚಕ್ರವರ್ತಿ ಕ್ಲೌದಿಯ ಯೆಹೂದ್ಯರೆಲ್ಲ ರೋಮ್ ಬಿಡಬೇಕು ಅಂದ. ಇವರು ಕೊರಿಂಥಕ್ಕೆ ಬಂದರು. ಕಸುಬು ಗುಡಾರ ಹೊಲಿಯುವುದು. ಪೌಲನದೂ ಅದೇ ಕಸುಬು, ಜೊತೆಯಲ್ಲೇ ಉಳಿದು ದುಡಿದ. ಮಿಷನ್ ವಲಯದಲ್ಲಿ ಇವತ್ತಿಗೂ ‘ಟೆಂಟ್‌ಮೇಕರ್’ ಅನ್ನುವ ಮಾತು ಚಾಲ್ತಿಯಲ್ಲಿದೆ. ಮಿಷನರಿಗೆ ವೀಸಾ ಸಿಗದ ದೇಶಕ್ಕೆ ಎಂಜಿನಿಯರ್ ಆಗಿಯೋ ಮೇಷ್ಟ್ರಾಗಿಯೋ ಹೋಗುವವರಿಗೆ ಹಾಗೆನ್ನುತ್ತಾರೆ. ಮೂರನೇಬೆಂಚು ಹೇಳುವ ‘ಉದ್ದೇಶ’ದ ಗೆರೆ ಅಲ್ಲೇ ಅಳಿಸಿಹೋಯಿತು. ಅವರಿಗೆ ಎರಡೂ ಉದ್ದೇಶ.

ಹೆರ್ನ್‌ಹೂಟ್ ಕಥೆಯನ್ನೂ ಹೇಳಿಬಿಡುತ್ತೇನೆ, ನನಗೆ ಇಷ್ಟವಾದದ್ದು. 1722ರಲ್ಲಿ ಮೊರೇವಿಯಾದಿಂದ ತಪ್ಪಿಸಿಕೊಂಡು ಬಂದ ಪ್ರೊಟೆಸ್ಟಂಟರು ಜರ್ಮನಿಯ ಸ್ಯಾಕ್ಸನಿಯಲ್ಲಿ ತ್ಸಿನ್‌ಸೆನ್‌ಡಾರ್ಫ್ ಎಂಬ ಜಹಗೀರುದಾರನ ಜಮೀನಿನಲ್ಲಿ ನೆಲೆ ನಿಂತರು. ಆ ಹಳ್ಳಿಯೇ ಹೆರ್ನ್‌ಹೂಟ್. ಕಾಡು ಕಡಿದು ಮನೆ ಕಟ್ಟಿಕೊಂಡರು. ಹತ್ತೇ ವರ್ಷ. 1732ರಲ್ಲಿ ಅದೇ ಹಳ್ಳಿಯಿಂದ ಡೋಬರ್ ಎಂಬ ಕುಂಬಾರ, ನಿಚ್‌ಮನ್ ಎಂಬ ಬಡಗಿ, ಇಬ್ಬರು ಕೆರಿಬಿಯನ್ನಿನ ಸೇಂಟ್ ಥಾಮಸ್ ದ್ವೀಪಕ್ಕೆ ಗುಲಾಮರ ನಡುವೆ ಕೆಲಸ ಮಾಡಲು ಹೊರಟರು. ಮರುವರ್ಷ ಗ್ರೀನ್‌ಲ್ಯಾಂಡಿಗೆ ಇನ್ನೊಂದು ತಂಡ. ತಮಗೇ ಇನ್ನೂ ಸರಿಯಾಗಿ ಬೇರು ಬಿಟ್ಟಿರಲಿಲ್ಲ, ಆಗಲೇ ಹೊರಟುಬಿಟ್ಟರು. ಒಮ್ಮೆ ಬೇರು ಕಿತ್ತವರಿಗೆ ಎರಡನೇ ಸಲ ಕೀಳುವುದು ಅಷ್ಟು ಕಷ್ಟ ಅನ್ನಿಸುವುದಿಲ್ಲವೋ ಏನೋ.

ಉಪ್ಪುನೀರು

ಎಲ್ಲರೂ ಮಿಷನರಿ ತಾನೇ ವಲಸೆ ಹೋದ ಕಥೆ ಹೇಳುತ್ತಿದ್ದೀರಿ. ಬೇರೆಯವರನ್ನು ವಲಸೆ ಹೊರಡಿಸಿದ ಕಥೆ?

ಹವಾಯಿ ನೋಡಿ. 1820ರಲ್ಲಿ ಬಾಸ್ಟನ್ ಕಡೆಯಿಂದ ಮಿಷನರಿಗಳು ಬಂದರು. ಅಕ್ಷರ ಕಲಿಸಿದರು, ಶಾಲೆ ಮಾಡಿದರು, ಸರಿ. 1837ರಲ್ಲಿ ಬಂದ ಕ್ಯಾಸಲ್ ಮತ್ತು ಕುಕ್ ಎಂಬ ಇಬ್ಬರು 1851ರಲ್ಲಿ ಮಿಷನ್ ಕೆಲಸ ಬಿಟ್ಟು ವ್ಯಾಪಾರ ಶುರು ಮಾಡಿದರು. ಅದು ಮುಂದೆ ಸಕ್ಕರೆ ತೋಟಗಳ ದೊಡ್ಡ ಕಂಪನಿ ಆಯಿತು. ಮಿಷನರಿಗಳ ಮಕ್ಕಳಲ್ಲಿ ಹಲವರು ತೋಟದ ಒಡೆಯರಾದರು. 1893ರಲ್ಲಿ ರಾಣಿಯನ್ನು ಇಳಿಸಿದ ಮೇಲೆ ಗಣರಾಜ್ಯದ ಅಧ್ಯಕ್ಷನಾದ ಸ್ಯಾನ್‌ಫರ್ಡ್ ಡೋಲ್ ಕೂಡ ಮಿಷನರಿಯ ಮಗನೇ.

ತೋಟಕ್ಕೆ ಆಳು ಬೇಕು. ಚೀನಾದಿಂದ ಬಂದರು, ಜಪಾನಿನಿಂದ ಬಂದರು. ಆಮೇಲೆ ಕೊರಿಯಾ. ಇಲ್ಲಿಯೇ ನೋಡಿ ಸ್ವಾರಸ್ಯ. ಹೊರೇಸ್ ಆಲನ್ ಎಂಬಾತ ಕೊರಿಯಾಕ್ಕೆ ಹೋದದ್ದು ಮಿಷನರಿ ವೈದ್ಯನಾಗಿ, ಆಮೇಲೆ ಅಮೆರಿಕದ ರಾಯಭಾರಿಯಾದ. ತೋಟದವರಿಗೂ ಕೊರಿಯಾದ ಅರಸನಿಗೂ ನಡುವೆ ಮಾತು ಕುದುರಿಸಿದವನು ಅವನೇ. ಆದರೆ ಹಡಗು ಹತ್ತಲು ಜನ ಹೆದರಿದರು. ಹಿರಿಯರ ಸಮಾಧಿ ಬಿಟ್ಟು ಹೋಗುವುದೆಂದರೆ ಸುಮ್ನೆ ಮಾತಾ? ಆಗ ಇಂಚಿಯಾನ್‌ನ ಮೆಥಡಿಸ್ಟ್ ಮಿಷನರಿ ಜಾರ್ಜ್ ಹೀಬರ್ ಜೋನ್ಸ್ ತನ್ನ ಸಭೆಯವರಿಗೆ ಧೈರ್ಯ ಹೇಳಿದ. ಹವಾಯಿಯ ಹವೆ ಒಳ್ಳೆಯದು, ಹೋಗಿ ಅಂದ. 1903ರ ಜನವರಿ 13ರಂದು ಹೊನೊಲುಲುವಿನಲ್ಲಿ ಇಳಿದ ಮೊದಲ ಗುಂಪಿನಲ್ಲಿ ಸುಮಾರು ಅರ್ಧ ಜನ ಅವನ ಸಭೆಯವರು. ಎರಡು ಮೂರು ವರ್ಷದಲ್ಲಿ 7,000ಕ್ಕೂ ಹೆಚ್ಚು ಕೊರಿಯನ್ನರು ಹೋದರು.

ಇದನ್ನು ಸೇವೆ ಅನ್ನಬೇಕಾ, ಆಳು ಸರಬರಾಜು ಅನ್ನಬೇಕಾ? ನನಗೆ ಎರಡೂ ಅನ್ನಿಸುತ್ತದೆ. ಜೋನ್ಸ್ ಮೋಸ ಮಾಡಿದ ಅಂತ ನಾನು ಹೇಳುತ್ತಿಲ್ಲ. ಬರಗಾಲ ಇತ್ತು, ಹೋದವರಲ್ಲಿ ಹಲವರು ಬದುಕಿಕೊಂಡರು. ಆದರೆ ಪಾದ್ರಿಯ ಮಾತಿಗೆ ಇದ್ದ ನಂಬಿಕೆ ತೋಟದ ಒಡೆಯನಿಗೆ ಬಿಟ್ಟಿ ಸಿಕ್ಕಿತು.

ಇದಕ್ಕಿಂತ ಕರಾಳವಾದದ್ದೂ ಇದೆ. 1869ರಿಂದ ಶುರುವಾಗಿ ಬ್ರಿಟನ್ನಿನ ಧರ್ಮಸೇವೆಯ ಸಂಘಗಳು ಒಂದು ಲಕ್ಷಕ್ಕೂ ಹೆಚ್ಚು ಬಡ ಮಕ್ಕಳನ್ನು ಕೆನಡಾಕ್ಕೆ ಹಡಗಿನಲ್ಲಿ ಕಳಿಸಿದವು. ಆತ್ಮ ಉಳಿಸುತ್ತೇವೆ, ಒಳ್ಳೆ ಗಾಳಿ ಸಿಗುತ್ತದೆ ಅಂತ. ಅಲ್ಲಿ ಬಹಳಷ್ಟು ಮಕ್ಕಳು ಹೊಲದ ಆಳಾದರು. ಎಷ್ಟೋ ಮಕ್ಕಳಿಗೆ ತಂದೆಯೋ ತಾಯಿಯೋ ಬದುಕಿದ್ದರು. ಇಪ್ಪತ್ತನೇ ಶತಮಾನದಲ್ಲಿ ಆಸ್ಟ್ರೇಲಿಯಾಕ್ಕೂ ಹೀಗೇ ಕಳಿಸಿದರು. ಆಸ್ಟ್ರೇಲಿಯಾದ ಪ್ರಧಾನಿ ಕ್ಷಮೆ ಕೇಳಿದ್ದು 2009ರಲ್ಲಿ, ಬ್ರಿಟನ್ನಿನ ಪ್ರಧಾನಿ 2010ರಲ್ಲಿ.

ದಾರಿಹೋಕ

ಮಕ್ಕಳ ವಿಷಯ ಗೊತ್ತೇ ಇರಲಿಲ್ಲ. ಓದಿ ಬೇಜಾರಾಯಿತು.

ರಾತ್ರಿಪಾಳಿ

ನಾನು ನರ್ಸ್. ಹೊರದೇಶದಲ್ಲಿ ಹನ್ನೆರಡು ವರ್ಷ ಆಯಿತು. ನನ್ನ ಜೊತೆ ಕೆಲಸ ಮಾಡುವವರಲ್ಲಿ ಫಿಲಿಪೀನ್ಸ್‌ನವರು ಜಾಸ್ತಿ. ಅವರ ದೇಶದಲ್ಲಿ ನರ್ಸಿಂಗ್ ಶಾಲೆ ಮೊದಲು ಶುರುವಾದದ್ದು ಇಲೊಯಿಲೊ ಊರಿನ ಮಿಷನ್ ಆಸ್ಪತ್ರೆಯಲ್ಲಿ, 1906ರಲ್ಲಿ. ಪಾಠ ಇಂಗ್ಲಿಷಿನಲ್ಲಿ, ಪದ್ಧತಿ ಅಮೆರಿಕದ್ದು. ಆ ಆಸ್ಪತ್ರೆಯವರಿಗೆ ನರ್ಸುಗಳನ್ನು ರಫ್ತು ಮಾಡುವ ಯೋಚನೆ ಖಂಡಿತ ಇರಲಿಲ್ಲ. ಆದರೆ ಭಾಷೆ, ಕೆಲಸ, ಶಿಸ್ತು ಎಲ್ಲ ಒಂದೇ ಅಚ್ಚಿನದಾದರೆ ದಾರಿ ತಾನಾಗಿ ತೆರೆಯುತ್ತದೆ.

ಈಗ ಹಳೆಗಂಟು ಕೇಳಿದ್ದಕ್ಕೆ ಬರುತ್ತೇನೆ. ನಮ್ಮ ಗುಂಪಿಗೆ ಸ್ವಂತ ಚರ್ಚು ಇಲ್ಲ. ಇಲ್ಲಿನ ಒಂದು ಹಳೆಯ ಚರ್ಚಿನ ಹಿಂದಿನ ಹಾಲ್ ಬಾಡಿಗೆಗೆ ಹಿಡಿದಿದ್ದೇವೆ. ಅವರ ಆರಾಧನೆ ಮುಗಿದ ಮೇಲೆ ನಮ್ಮದು. ಒಂದು ಗಂಟೆಗೆ ಸರಿಯಾಗಿ ಬೀಗ. ಐದು ನಿಮಿಷ ತಡವಾದರೆ ಒಬ್ಬರು ಬಂದು ಬಾಗಿಲಲ್ಲಿ ಬೀಗದ ಕೈ ಅಲ್ಲಾಡಿಸುತ್ತಾ ನಿಲ್ಲುತ್ತಾರೆ. ಆ ಸದ್ದು ಕೇಳಿದರೆ ನಮ್ಮ ಬೋಧಕರು ಆಶೀರ್ವಾದವನ್ನೂ ಅವಸರದಲ್ಲಿ ಹೇಳಿಬಿಡುತ್ತಾರೆ.

ಅಲ್ಲಿ ನಡೆಯುವುದು ಬರೀ ಪ್ರಾರ್ಥನೆ ಅಲ್ಲ. ರೂಮು ಎಲ್ಲಿ ಸಿಗುತ್ತದೆ, ಯಾವ ಏಜೆಂಟ್ ಮೋಸ ಮಾಡುತ್ತಾನೆ, ಮಗುವನ್ನು ಯಾವ ಶಾಲೆಗೆ ಸೇರಿಸಬೇಕು, ಎಲ್ಲ ಅಲ್ಲೇ. ನಮ್ಮ ಧರ್ಮದವರೇ ಅಲ್ಲದವರೂ ಬರುತ್ತಾರೆ. ಕೆಲವರು ಉಳಿಯುತ್ತಾರೆ. ಯಾರೂ ಯಾರನ್ನೂ ಮತಾಂತರ ಮಾಡಬೇಕೆಂದು ಹೊರಟಿಲ್ಲ. ಇದಕ್ಕೆ ಮಿಷನ್ ಅಂತ ಹೆಸರಿಡಬೇಕಾ ನನಗೆ ಗೊತ್ತಿಲ್ಲ. ಹಾಲ್ ಬಾಡಿಗೆ ಕಟ್ಟುವವರು ನಾವೇ, ಅಷ್ಟು ಗೊತ್ತು.

ಮೂರನೇಬೆಂಚು

ರಾತ್ರಿಪಾಳಿ, ನೀವು ಹೇಳಿದ್ದು ಸಮುದಾಯದ ನೆರವು. ಅದು ದೊಡ್ಡದು. ಆದರೆ ಮಿಷನ್ ಅಲ್ಲ ಅಂತ ನೀವೇ ಹೇಳಿದ ಹಾಗಾಯಿತಲ್ಲ?

ಬತ್ತಿದೀಪ

ಅಯ್ಯೋ, ಇತಿಹಾಸದಲ್ಲಿ ಅದಕ್ಕೇ ಮಿಷನ್ ಅಂದಿದ್ದಾರೆ. ಫ್ರಾನ್ಸಿಸ್ ಕಬ್ರಿನಿ ಎಂಬ ಇಟಲಿಯ ಸನ್ಯಾಸಿನಿಗೆ ಚಿಕ್ಕಂದಿನಿಂದ ಒಂದೇ ಆಸೆ, ಚೀನಾಕ್ಕೆ ಮಿಷನರಿಯಾಗಿ ಹೋಗುವುದು. ಪೋಪ್ 13ನೇ ಲಿಯೋ ಬೇಡ ಅಂದರು. ಪೂರ್ವಕ್ಕಲ್ಲ, ಪಶ್ಚಿಮಕ್ಕೆ ಹೋಗು ಅಂದರು. ಯಾಕೆಂದರೆ ಇಟಲಿಯಿಂದ ಬಡವರು ಹಡಗುಗಟ್ಟಲೆ ಅಮೆರಿಕಕ್ಕೆ ಹೋಗುತ್ತಿದ್ದರು. 1889ರಲ್ಲಿ ಕಬ್ರಿನಿ ನ್ಯೂಯಾರ್ಕಿಗೆ ಬಂದರು. ಶಾಲೆ, ಆಸ್ಪತ್ರೆ, ಅನಾಥಾಲಯ ಸೇರಿ 67 ಸಂಸ್ಥೆ ಕಟ್ಟಿದರು. 1909ರಲ್ಲಿ ತಾವೇ ಅಮೆರಿಕದ ಪೌರತ್ವ ತೆಗೆದುಕೊಂಡರು. ಸಂತರ ಪಟ್ಟ ಸಿಕ್ಕಿದ ಮೊದಲ ಅಮೆರಿಕನ್ ಪ್ರಜೆ ಅವರೇ, 1946ರಲ್ಲಿ.

ಆಕೆಯ ಕೆಲಸ ಹೆಚ್ಚಾಗಿ ನಡೆದದ್ದು ಆಗಲೇ ಕ್ಯಾಥೊಲಿಕ್ ಆಗಿದ್ದ ತನ್ನ ದೇಶದವರ ನಡುವೆ. ಆದರೂ ಅವರ ಪಂಥದ ಹೆಸರಿನಲ್ಲೇ ‘ಮಿಷನರಿ’ ಇದೆ.

ಕಾಗದಪತ್ರ

ನಾನು ವಲಸೆ ಕಾನೂನಿನ ಕಚೇರಿಯಲ್ಲಿ ಕೆಲಸ ಮಾಡುತ್ತೇನೆ. ನೀವು ವಾದ ಮಾಡುತ್ತಿರುವ ಪ್ರಶ್ನೆಗೆ ಸರ್ಕಾರಗಳು ಎಂದೋ ಉತ್ತರ ಬರೆದಿಟ್ಟಿವೆ. ಅಮೆರಿಕದಲ್ಲಿ 1990ರ ಕಾನೂನು ತಂದ ಆರ್-1 ವೀಸಾ ಇದೆ, ಧಾರ್ಮಿಕ ಕೆಲಸಗಾರರಿಗೆ. ಅರ್ಜಿಗೆ ಮೊದಲು ಕನಿಷ್ಠ 2 ವರ್ಷ ಅದೇ ಪಂಥದ ಸದಸ್ಯನಾಗಿರಬೇಕು. ಕರೆಸಿಕೊಳ್ಳುವ ಸಂಸ್ಥೆ ಲಾಭದ್ದಾಗಿರಬಾರದು. ಮೊದಲು ಸಿಗುವುದು 30 ತಿಂಗಳವರೆಗೆ, ವಿಸ್ತರಿಸಿದರೂ ಒಟ್ಟು 5 ವರ್ಷ. ಹಳೆಗಂಟು ಹೇಳಿದ್ದು ಇಲ್ಲಿ ಅಕ್ಷರಶಃ ನಿಜ. ಹಿಂದೆ ಸಂಸ್ಥೆ ಇದ್ದರೆ ಮಾತ್ರ ಬೋಧಕ. ಜಾರ್ಜ್ ಲೈಲ್ ಇವತ್ತು ಅರ್ಜಿ ಹಾಕಿದರೆ ಮೊದಲ ಪುಟದಲ್ಲೇ ವಾಪಸ್.

ಇನ್ನೊಂದು ಬಾಗಿಲು ಆಶ್ರಯದ್ದು. ಅಲ್ಲಿ ವಿಷಯ ತಲೆಕೆಳಗು. ವಲಸೆ ಬಂದು ಸೇರಿದ ದೇಶದಲ್ಲಿ ಕ್ರೈಸ್ತನಾದವನು, ವಾಪಸ್ ಹೋದರೆ ಜೀವಕ್ಕೆ ಅಪಾಯ ಅನ್ನುತ್ತಾನೆ. ಇರಾನಿನಿಂದ ಸ್ವೀಡನ್ನಿಗೆ ಬಂದ ಒಬ್ಬನ ಪ್ರಕರಣ ಯುರೋಪಿನ ಮಾನವ ಹಕ್ಕು ನ್ಯಾಯಾಲಯದವರೆಗೆ ಹೋಯಿತು. 2016ರ ಮಾರ್ಚ್‌ನಲ್ಲಿ ತೀರ್ಪು ಬಂತು. ಮತಾಂತರದಿಂದ ಬರುವ ಅಪಾಯವನ್ನು ಸರ್ಕಾರ ಸರಿಯಾಗಿ ತೂಗಿ ನೋಡಲೇಬೇಕು, ಆತ ಮೊದಲಲ್ಲಿ ಅದನ್ನು ಒತ್ತಿ ಹೇಳದಿದ್ದರೂ ಸರಿ, ಅಂತ.

ತೂಗುವುದು ಹೇಗೆ? ಸಂದರ್ಶನದಲ್ಲಿ ಹತ್ತು ಆಜ್ಞೆ ಹೇಳು, ಪೆಂತೆಕೊಸ್ತ ಹಬ್ಬ ಯಾವಾಗ ಹೇಳು ಅನ್ನುತ್ತಾರೆ. ಹುಟ್ಟಾ ಕ್ರೈಸ್ತರೇ ಎಷ್ಟು ಜನ ಪಾಸಾಗುತ್ತಾರೋ ನೋಡಬೇಕು. ಇನ್ನೊಂದು ಕಡೆ, ಕಾಗದಕ್ಕಾಗಿಯೇ ದೀಕ್ಷಾಸ್ನಾನ ಮಾಡಿಸಿಕೊಳ್ಳುವವರೂ ಇದ್ದಾರೆ. ಸುಳ್ಳು ಹೇಳಿ ಪ್ರಯೋಜನ ಇಲ್ಲ, ನಾನೇ ನೋಡಿದ್ದೇನೆ. 2024ರಲ್ಲಿ ಬ್ರಿಟನ್ನಿನಲ್ಲಿ ಇದೇ ದೊಡ್ಡ ಗಲಾಟೆಯಾಯಿತು. ಪಾದ್ರಿಗಳು ಕಣ್ಣು ಮುಚ್ಚಿ ಪತ್ರ ಕೊಡುತ್ತಾರೆ ಅಂತ ರಾಜಕಾರಣಿಗಳು, ಮನಸ್ಸಿನ ಒಳಗೆ ಹೊಕ್ಕು ನೋಡುವ ಯಂತ್ರ ನಮ್ಮಲ್ಲಿಲ್ಲ ಅನ್ನುವ ಧಾಟಿಯಲ್ಲಿ ಚರ್ಚಿನವರು.

ಒಬ್ಬ ಪಾದ್ರಿ ನನ್ನ ಹತ್ತಿರ ಹೇಳಿಕೊಂಡರು. ಎದುರಿಗೆ ಕೂತವನಿಗೆ ದೀಕ್ಷೆ ಕೊಡುವಾಗ ಕೈ ನಡುಗುತ್ತದಂತೆ. ಇವನು ನಂಬಿ ಬಂದಿದ್ದಾನಾ, ವೀಸಾಕ್ಕೆ ಬಂದಿದ್ದಾನಾ ಅಂತ ಅಲ್ಲ. ಕಾಗದ ಸಿಗದೆ ವಾಪಸ್ ಕಳಿಸಿಬಿಟ್ಟರೆ ತಾನೇ ಅವನಿಗೆ ಅಪಾಯ ತಂದ ಹಾಗಾಯಿತಲ್ಲ ಅಂತ.

ಗಾಳಿಪಟ

ತಲೆಕೆಳಗಾದ ಮಿಷನ್ ಬಗ್ಗೆ ಯಾರೂ ಹೇಳಲೇ ಇಲ್ಲ? ಈಗ ಆಫ್ರಿಕಾ, ಕೊರಿಯಾ, ಬ್ರೆಜಿಲ್‌ನವರು ಯುರೋಪಿಗೆ ಸುವಾರ್ತೆ ಹೇಳಲು ಹೋಗುತ್ತಾರೆ. 1952ರಲ್ಲಿ ನೈಜೀರಿಯಾದ ಲೇಗೋಸ್‌ನಲ್ಲಿ ಶುರುವಾದ ರಿಡೀಮ್ಡ್ ಕ್ರಿಶ್ಚಿಯನ್ ಚರ್ಚ್ ಆಫ್ ಗಾಡ್ ಇವತ್ತು ಲಂಡನ್ನಿನ ಎಷ್ಟೋ ಬಡಾವಣೆಗಳಲ್ಲಿದೆ. ಪ್ಯೂ ಸಂಶೋಧನಾ ಕೇಂದ್ರದ ಲೆಕ್ಕದಲ್ಲಿ 2020ರಲ್ಲಿ ಹುಟ್ಟಿದ ದೇಶದ ಹೊರಗೆ ಬದುಕುತ್ತಿದ್ದವರು ಸುಮಾರು 28 ಕೋಟಿ. ಅವರಲ್ಲಿ ಶೇ. 47 ಕ್ರೈಸ್ತರು.

ಉಪ್ಪುನೀರು

ಇದೆ, ಆದರೆ ಆ ಬೆಂಚುಗಳಲ್ಲಿ ಕೂತವರು ಯಾರು ನೋಡಿ. ಹೆಚ್ಚಿನವರು ಅದೇ ದೇಶದಿಂದ ಬಂದ ವಲಸಿಗರು, ಅವರ ಮಕ್ಕಳು. ಹುಟ್ಟಾ ಯುರೋಪಿನವರು ಕಡಿಮೆ. ತಲೆಕೆಳಗಾದ ಮಿಷನ್ ಅನ್ನುವುದು ಕೆಲಸಕ್ಕಿಂತ ಜಾಸ್ತಿ ಕನಸು.

ಕೊರಿಯಾ ಅಂದಿರಿ. 2007ರಲ್ಲಿ ಅಫ್ಘಾನಿಸ್ತಾನಕ್ಕೆ ಹೋದ 23 ಮಂದಿ ಕೊರಿಯನ್ ಕ್ರೈಸ್ತರನ್ನು ತಾಲಿಬಾನ್ ಹಿಡಿದಿಟ್ಟಿತು. ಇಬ್ಬರನ್ನು ಕೊಂದಿತು. ಉಳಿದವರು ಬಿಡುಗಡೆಯಾಗಲು ಆರು ವಾರ ಹಿಡಿಯಿತು. ಅವರ ದೇಶದಲ್ಲೇ ಜನ ಅವರ ಮೇಲೆ ಸಿಟ್ಟಾದರು. ಮಿಷನರಿ ತಪ್ಪು ಮಾಡಿದರೆ ಅದರ ಬಿಸಿ ಅಲ್ಲಿ ಸುಮ್ನೆ ದುಡಿಯುತ್ತಿರುವ ವಲಸಿಗನಿಗೂ ತಟ್ಟುತ್ತದೆ. ಈ ಮಾತು ಯಾರೂ ಆಡುವುದಿಲ್ಲ.

ಗಾಳಿಪಟ

ಉಲ್ಟಾ ಕೂಡ ಇದೆ. ಜಪಾನಿನಲ್ಲಿ ಬಹಳ ವರ್ಷ ಇದ್ದ ಸಿಡ್ನಿ ಗ್ಯುಲಿಕ್ ಎಂಬ ಅಮೆರಿಕನ್ ಮಿಷನರಿ ವಾಪಸ್ ಹೋದ ಮೇಲೆ ಜಪಾನಿ ವಲಸಿಗರ ಪರವಾಗಿ ಹೋರಾಡಿದ. 1924ರ ಕಾನೂನು ಜಪಾನಿಯರಿಗೆ ಬಾಗಿಲು ಮುಚ್ಚಿಯೇಬಿಟ್ಟಿತು. ಸೋತ ಮೇಲೆ ಏನು ಮಾಡಿದ ಗೊತ್ತಾ? 1927ರಲ್ಲಿ ಅಮೆರಿಕದ ಮಕ್ಕಳಿಂದ ಜಪಾನಿನ ಶಾಲೆಗಳಿಗೆ 12,000ಕ್ಕೂ ಹೆಚ್ಚು ಗೊಂಬೆ ಕಳಿಸಿದ. ಒಂದೊಂದು ಗೊಂಬೆಗೂ ಆಟದ ಪಾಸ್‌ಪೋರ್ಟು. ಜನರಿಗೆ ಸಿಗದ ವೀಸಾ ಗೊಂಬೆಗೆ ಸಿಕ್ಕಿತು. ಯುದ್ಧ ಬಂದಾಗ ಅಲ್ಲಿ ಹೆಚ್ಚಿನ ಗೊಂಬೆಗಳನ್ನು ನಾಶ ಮಾಡಿದರು.

ಹಳೆಗಂಟು

ಗೊಂಬೆಯ ಪಾಸ್‌ಪೋರ್ಟು! ಇದನ್ನು ಮರೆಯುವುದಿಲ್ಲ.

ಮೂರನೇಬೆಂಚು, ನಿಮಗೆ ಒಂದು ಕೊನೆಯ ಪ್ರಶ್ನೆ. ನನ್ನ ಗೆರೆ ಹಣ, ನಿಮ್ಮದು ಉದ್ದೇಶ. ಸ್ಯಾಮ್ಯುಯೆಲ್ ಕ್ರೌಥರ್‌ನನ್ನು ಯಾವ ಕಡೆ ಇಡುತ್ತೀರಿ? ಈಗಿನ ನೈಜೀರಿಯಾ ಕಡೆಯ ಯೊರುಬಾ ಜನಾಂಗದ ಹುಡುಗ. ಗುಲಾಮರ ಬೇಟೆಗಾರರು ಹಿಡಿದು ಮಾರಿದರು. 1822ರಲ್ಲಿ ಬ್ರಿಟಿಷ್ ನೌಕಾಪಡೆ ಆ ಹಡಗನ್ನು ತಡೆದು ಅವನನ್ನು ಸಿಯೆರಾ ಲಿಯೋನ್‌ನಲ್ಲಿ ಇಳಿಸಿತು. ಮಿಷನ್ ಶಾಲೆಯಲ್ಲಿ ಓದಿದ. ಮುಂದೆ ಹುಟ್ಟಿದ ನಾಡಿನ ಕಡೆಗೇ ಮಿಷನರಿಯಾಗಿ ಹೋದ. ಕಳೆದುಹೋಗಿದ್ದ ತಾಯಿ ಅಲ್ಲಿ ಸಿಕ್ಕಿದಳು. ಬೈಬಲನ್ನು ಯೊರುಬಾ ಭಾಷೆಗೆ ತಂದ. 1864ರಲ್ಲಿ ಆಂಗ್ಲಿಕನ್ ಸಭೆಯ ಮೊದಲ ಆಫ್ರಿಕನ್ ಬಿಷಪ್ ಆದ. ಊರು ಬಿಟ್ಟಾಗ ಅವನಿಗೆ ಹಣವೂ ಇರಲಿಲ್ಲ, ಉದ್ದೇಶವೂ ಇರಲಿಲ್ಲ, ಕಾಲಿಗೆ ಸರಪಳಿ ಇತ್ತು.

ಮೂರನೇಬೆಂಚು

ಇವನ ವಿಷಯದಲ್ಲಿ ನನ್ನ ಗೆರೆ ನಿಲ್ಲುವುದಿಲ್ಲ, ಒಪ್ಪಿದೆ. ಆದರೆ ಅವನ ಕೊನೆಯನ್ನೂ ಹೇಳಿ. ವಯಸ್ಸಾದ ಮೇಲೆ, 1890ರಲ್ಲಿ, ಹೊಸದಾಗಿ ಬಂದ ಯುವ ಯುರೋಪಿಯನ್ ಮಿಷನರಿಗಳು ಅವನ ಕೈಕೆಳಗಿನವರ ಮೇಲೆ ದೂರು ಹೇಳಿ ಅವನ ಅಧಿಕಾರ ಕಿತ್ತುಕೊಂಡರು. ಮರುವರ್ಷ ತೀರಿಕೊಂಡ. ಅವನ ಜಾಗಕ್ಕೆ ಬಂದದ್ದು ಒಬ್ಬ ಯುರೋಪಿಯನ್. ಹೆಸರು ಮಿಷನರಿ ಅಂತಲೇ ಇತ್ತು, ನಡೆಸಿಕೊಂಡದ್ದು ಮಾತ್ರ ಹೊರಗಿನವನ ಹಾಗೆ. ಅದೂ ಅವನದೇ ನೆಲದಲ್ಲಿ.

ರಾತ್ರಿಪಾಳಿ

ಡ್ಯೂಟಿ ಮುಗಿಸಿ ಬಂದು ಈಗ ಎಲ್ಲ ಓದಿದೆ. ಒಂದು ಸುದ್ದಿ ಹೇಳಬೇಕು. ಕಳೆದ ಭಾನುವಾರ ಆ ಬೀಗದ ಕೈ ಅಲ್ಲಾಡಿಸುವವರು ಕೈಯನ್ನೇ ನಮಗೆ ಕೊಟ್ಟರು. ಒಂದು ಗಂಟೆಗೆ ಬಂದು ಬೀಗ ಹಾಕಲು ಅವರಲ್ಲಿ ಈಗ ಯಾರೂ ಇಲ್ಲವಂತೆ. ಅವರ ಆರಾಧನೆಗೆ ಬರುವವರೇ ಹನ್ನೊಂದು ಜನ, ಎಲ್ಲರಿಗೂ ಎಪ್ಪತ್ತು ದಾಟಿದೆ. ಚಳಿಗಾಲದಲ್ಲಿ ಬೆಳಗಿನ ಹೊತ್ತು ಹೀಟರ್ ಹಚ್ಚುವುದಕ್ಕೂ ನಮ್ಮವರು ಯಾರಾದರೂ ಬರಬಹುದಾ ಅಂತ ಕೇಳಿದರು. ಬರುತ್ತೇವೆ ಅಂದೆವು. ಬಾಡಿಗೆ ಮಾತ್ರ ಕಡಿಮೆ ಮಾಡಿಲ್ಲ.